ನೀರಿನ ಲೆಕ್ಕ ಬರೆದಿಟ್ಟ ತೀರ

ಎರ್ನಾಕುಳಂ ಹೈಕೋರ್ಟಿನ ಬೆನ್ನಿಗೇ ಒಂದು ಪುಟ್ಟ ಕಾಡಿದೆ. ಹೆಸರು ಮಂಗಳವನಂ. ಮೂರು ಹೆಕ್ಟೇರಿಗೂ ಕಡಿಮೆ ಜಾಗ. ಉಬ್ಬರದ ನೀರು ಕಾಲುವೆಯ ಮೂಲಕ ಒಳಬಂದು ಕಾಂಡ್ಲಾ ಮರಗಳ ಬುಡ ತೋಯಿಸಿ ಇಳಿದುಹೋಗುತ್ತದೆ. ಕೊಂಬೆಗಳಲ್ಲಿ ನೀರುಕಾಗೆ, ಬೆಳ್ಳಕ್ಕಿ, ತಲೆಕೆಳಗಾಗಿ ನೇತುಬಿದ್ದ ಬಾವಲಿಗಳು. 2004ರಲ್ಲಿ ಇದನ್ನು ಪಕ್ಷಿಧಾಮವೆಂದು ಘೋಷಿಸಿದ್ದರಿಂದ ಬಚಾವಾಯಿತು. ಇಲ್ಲವಾದರೆ ಸುತ್ತಲಿನ ಬಹುಮಹಡಿಗಳ ಸಾಲಿಗೆ ಇನ್ನೊಂದು ಸೇರುತ್ತಿತ್ತು.

ಕಾಡಿನ ಪಕ್ಕದಲ್ಲೇ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಎಂಎಫ್‌ಆರ್‌ಐ. 1947ರ ಫೆಬ್ರುವರಿ 3ರಂದು ಹುಟ್ಟಿ, ತಮಿಳುನಾಡಿನ ಮಂಡಪಂನಲ್ಲಿ ಬೆಳೆದು, 1971ರಲ್ಲಿ ಕೇಂದ್ರ ಕಚೇರಿಯನ್ನು ಕೊಚ್ಚಿಗೆ ತಂದ ಸಂಸ್ಥೆ. ಸಂಸ್ಥಾಪನಾ ದಿನದ ಹೊತ್ತಿಗೆ ಶಾಲಾ ಮಕ್ಕಳಿಗಾಗಿ ಇದರ ಬಾಗಿಲು ತೆರೆಯುತ್ತದೆ. ಮ್ಯೂಸಿಯಂ, ಅಕ್ವೇರಿಯಂ, ಪ್ರಯೋಗಾಲಯ ಎಲ್ಲವನ್ನೂ ಮಕ್ಕಳು ನೋಡಬಹುದು. ನನಗೆ ಮಾತ್ರ ಗಾಜಿನ ತೊಟ್ಟಿಯ ಬಣ್ಣದ ಮೀನುಗಳಿಗಿಂತ ಮುಖ್ಯವಾಗಿ ಕಂಡದ್ದು ಒಂದು ಅಳತೆ. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14, ಮದ್ಮಲ್ 12. ಅದಕ್ಕಿಂತ ಚಿಕ್ಕದನ್ನು ಹಿಡಿದು ತಂದರೆ ಕೇರಳದಲ್ಲಿ ಅಪರಾಧ. 2015ರಲ್ಲಿ 14 ಜಾತಿಯ ಮೀನುಗಳಿಗೆ ಹೀಗೆ ಕನಿಷ್ಠ ಗಾತ್ರ ಗೊತ್ತುಪಡಿಸಿ, 2017ರ ಹೊತ್ತಿಗೆ ಪಟ್ಟಿಯನ್ನು 58ಕ್ಕೆ ಏರಿಸಿದರು. ದೇಶದಲ್ಲಿ ಇದನ್ನು ಮೊದಲು ಜಾರಿಗೆ ತಂದ ರಾಜ್ಯ ಕೇರಳವೇ. ಲೆಕ್ಕಾಚಾರ ಸರಳ: ಮೀನು ಜೀವಮಾನದಲ್ಲಿ ಒಂದು ಸಲವಾದರೂ ಮೊಟ್ಟೆ ಇಡಲಿ, ಆಮೇಲೆ ಬಲೆಗೆ ಬೀಳಲಿ.

ಈ ಹತ್ತು ಸೆಂಟಿಮೀಟರಿನ ಹಿಂದೆ ದೊಡ್ಡ ಸಂಕಟದ ಕಥೆಯಿದೆ. 2012ರಲ್ಲಿ ಕೇರಳದ ಬಂದರುಗಳಿಗೆ ಬಂದ ಬೂತಾಯಿ ಸುಮಾರು 3.9 ಲಕ್ಷ ಟನ್. 2021ರಲ್ಲಿ ಬಂದದ್ದು 3,297 ಟನ್. ಮಲಯಾಳಿಗಳು 'ಮತ್ತಿ' ಎನ್ನುವ, ಅವರ ದಿನನಿತ್ಯದ ಅನ್ನದ ಜೊತೆಗಾರ ಬೂತಾಯಿ ಹೀಗೆ ಕಾಣೆಯಾದಾಗ, ದೋಣಿ ಮಾಲೀಕನಿಂದ ತಲೆಹೊರೆಯಲ್ಲಿ ಮೀನು ಮಾರುವ ಹೆಂಗಸಿನವರೆಗೆ ಎಲ್ಲರ ಮನೆಯ ಲೆಕ್ಕವೂ ತಪ್ಪಿತು. ಕಡಲ ಬಿಸಿ, ಎಲ್‌ನಿನೊ ಎಲ್ಲ ಕಾರಣಗಳೂ ಇದ್ದವು. ಮರಿಮೀನನ್ನು ಬಾಚಿ ತಂದದ್ದು ಮಾತ್ರ ಮನುಷ್ಯರ ಕೈಕೆಲಸ. ಆ ಮರಿಗಳು ತಟ್ಟೆಗೂ ಹೋಗಲಿಲ್ಲ, ಫಿಶ್‌ಮೀಲ್ ಕಾರ್ಖಾನೆಗಳಿಗೆ ಹೋದವು. ಅವುಗಳಲ್ಲಿ ಒಂದಷ್ಟು ಲಾರಿ ಹತ್ತಿ ಗಡಿ ದಾಟಿ ನಮ್ಮ ಕರ್ನಾಟಕದ ಕರಾವಳಿಗೇ ಬಂದವು ಎಂಬುದನ್ನು ಕೇರಳವನ್ನು ಹೊಗಳುವಾಗಲೂ ತೆಗಳುವಾಗಲೂ ನಾವು ನೆನಪಿಡಬೇಕು. 2023ರಲ್ಲಿ ಬೂತಾಯಿ 1.38 ಲಕ್ಷ ಟನ್ನಿಗೆ, 2024ರಲ್ಲಿ 1.49 ಲಕ್ಷ ಟನ್ನಿಗೆ ಚೇತರಿಸಿಕೊಂಡಿತು.

ಕರಾವಳಿಯ ಜನರಿಗೆ ಪರಿಸರದ ಅರಿವು ಮೂಡಿಸಬೇಕು ಎಂಬ ಮಾತು ನಮ್ಮ ಸಭೆ ಸಮಾರಂಭಗಳಲ್ಲಿ ಸವೆದುಹೋಗಿದೆ. ಬ್ಯಾನರ್ ಕಟ್ಟಿ, ಅತಿಥಿಗೆ ಹಾರ ಹಾಕಿ, ಮೀನುಗಾರರನ್ನು ಎದುರು ಕೂರಿಸಿ ಪಾಠ ಹೇಳುವುದು ನಮ್ಮ ರೂಢಿ. ಕೊಚ್ಚಿಯಿಂದ ತಿರುವನಂತಪುರದವರೆಗಿನ ಊರುಗಳಲ್ಲಿ ನಡೆದು ನೋಡಿದರೆ ಕುರ್ಚಿಗಳು ತಿರುಗಿ ಕೂತಂತೆ ಕಾಣುತ್ತದೆ. ಮನೆಯೊಳಗೆ ನೀರು ನುಗ್ಗಿದವರು, ಬಲೆ ಖಾಲಿ ಎಳೆದವರು ಇಲ್ಲಿ ಮೊದಲು ಪಾಠ ಹೇಳಿದ್ದಾರೆ. ವಿಜ್ಞಾನಿಗಳು ನೋಟ್‌ಬುಕ್ಕು ಹಿಡಿದು ಅವರ ಅಂಗಳಕ್ಕೆ ಹೋದಲ್ಲೆಲ್ಲ ಕೆಲಸ ಕೈಗೂಡಿದೆ.

ಹೈಕೋರ್ಟ್ ಜೆಟ್ಟಿಯಿಂದ ವೈಪಿನ್‌ಗೆ ವಾಟರ್ ಮೆಟ್ರೊ ಹೋಗುತ್ತದೆ. 2023ರ ಏಪ್ರಿಲ್‌ನಲ್ಲಿ ಶುರುವಾದ ಈ ಸೇವೆಯ ಮೊದಲ ಮಾರ್ಗವೇ ಇದು. ಎಡಕ್ಕೆ ಹಡಗುಗಳು, ಬಲಕ್ಕೆ ದ್ವೀಪಗಳು, ಮುಂದೆ ಫೋರ್ಟ್ ಕೊಚ್ಚಿಯ ಚೀನೀ ಬಲೆಗಳು. ಪ್ರವಾಸಿಗರ ಕ್ಯಾಮೆರಾ ಅತ್ತ ತಿರುಗುತ್ತದೆ. ವೈಪಿನ್‌ನಲ್ಲಿ ಇಳಿದು ಉತ್ತರಕ್ಕೆ ಬಸ್ ಹಿಡಿದರೆ ಬೇರೆಯದೇ ಲೋಕ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಉದ್ದಕ್ಕೆ ಚಾಚಿದ ಪಟ್ಟಿ. ಆ ಪಟ್ಟಿಯ ಮೇಲೆ ಮನೆಗೆ ಮನೆ ತಾಗಿಕೊಂಡ ಜನವಸತಿ.

ವೈಪಿನ್‌ನ ಟಿ.ಪಿ. ಮುರುಗೇಶನ್ ಅವರ ಹೆಸರನ್ನು ಈಗ ದೇಶ ವಿದೇಶಗಳ ಪತ್ರಿಕೆಗಳು ಬಲ್ಲವು. ಮೀನುಗಾರಿಕೆಯಿಂದ ನಿವೃತ್ತರಾದವರು. ಉಬ್ಬರದ ನೀರು ಮನೆಯಂಗಳಕ್ಕೆ ಬರುವುದು ಹೆಚ್ಚಾದಾಗ ಅವರು ಹಿನ್ನೀರಿನ ಅಂಚಿನಲ್ಲಿ ಕಾಂಡ್ಲಾ ನೆಡಲು ಶುರುಮಾಡಿದರು. ಈವರೆಗೆ ನೆಟ್ಟದ್ದು ಒಂದು ಲಕ್ಷಕ್ಕೂ ಹೆಚ್ಚು.

ಲಕ್ಷ ಎಂಬ ಸಂಖ್ಯೆ ಬೆರಗು ಹುಟ್ಟಿಸುತ್ತದೆ. ಕೆಲಸ ತಿಳಿಯಬೇಕಾದರೆ ಒಂದೇ ಒಂದು ಸಸಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂರಬೇಕು. ಕೆಲವು ಜಾತಿಯ ಕಾಂಡ್ಲಾದ ಬೀಜ ಮರದಲ್ಲಿರುವಾಗಲೇ ಮೊಳೆಯುತ್ತದೆ. ಕಾಯಿಯ ತುದಿಯಿಂದ ಎಳೆ ನುಗ್ಗೆಕಾಯಿಯಂಥ ಹಸಿರು ಕೋಲೊಂದು ಕೆಳಗೆ ಇಳಿಯುತ್ತದೆ. ಬಲಿತ ಮೇಲೆ ಕಳಚಿ ಬಿದ್ದು ಕೆಸರಿನಲ್ಲಿ ನಾಟಿಕೊಳ್ಳುತ್ತದೆ, ಇಲ್ಲವೇ ನೀರಿನಲ್ಲಿ ತೇಲುತ್ತ ಇನ್ನೊಂದು ದಡ ಹುಡುಕುತ್ತದೆ. ಅದನ್ನು ಆಯ್ದು ತಂದು, ಕೆಸರು ತುಂಬಿದ ಚೀಲದಲ್ಲಿ ಊರಿ, ನಾಲ್ಕು ಎಲೆ ಬಂದ ಮೇಲೆ ಇಳಿತದ ಹೊತ್ತು ನೋಡಿ ದಡದಲ್ಲಿ ನೆಡಬೇಕು. ಮುಂದಿನ ಉಬ್ಬರಕ್ಕೆ ಅಲೆ ಕಿತ್ತೊಯ್ಯಬಹುದು. ತೇಲಿಬಂದ ಪ್ಲಾಸ್ಟಿಕ್ ಚೀಲ ಎಳೆ ಕಾಂಡಕ್ಕೆ ಸುತ್ತಿಕೊಂಡು ಉಸಿರು ಕಟ್ಟಿಸಬಹುದು. ಆಸರೆಗೆ ಬಿದಿರಿನ ಕೋಲು ಹುಗಿದು, ಸತ್ತ ಕಡೆ ಮತ್ತೆ ನೆಟ್ಟು, ವರ್ಷಗಟ್ಟಲೆ ಕಾದ ಮೇಲೆ ಬೇರುಗಳು ಜಾಲ ಕಟ್ಟುತ್ತವೆ. ಆಗ ಆ ಬೇರುಗಳ ನಡುವೆ ಹೂಳು ನಿಲ್ಲುತ್ತದೆ, ಅಲೆಯ ಬಿರುಸು ತಗ್ಗುತ್ತದೆ, ಸಿಗಡಿ ಏಡಿಗಳ ಮರಿ ಸೇರಿಕೊಳ್ಳುತ್ತವೆ. ಕಣ್ಣೂರು ಕಡೆಯ ಕಲ್ಲೇನ್ ಪೊಕ್ಕುಡನ್ ದಶಕಗಳ ಹಿಂದೆ ಇದೇ ಕೆಲಸ ಮಾಡಿ, ಕಾಂಡ್ಲಾ ಕಾಡನ್ನು ಮಲಯಾಳಿಗಳ ಮಾತಿನೊಳಗೆ ತಂದರು. 2015ರಲ್ಲಿ ತೀರಿಕೊಂಡ ಅವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಅವರ ಹತ್ತಿರ ಕಲಿಯಲು ಕಾಲೇಜಿನವರು ಬಂದರು.

ಒಂದು ತೊಡಕನ್ನು ಇಲ್ಲೇ ಹೇಳಬೇಕು. ಕೇರಳದ ಕಾಂಡ್ಲಾ ಪ್ರದೇಶದಲ್ಲಿ ದೊಡ್ಡ ಪಾಲು ಖಾಸಗಿ ಜಮೀನು. ಮಾಲೀಕ ಮಣ್ಣು ತುಂಬಿಸಲು ಮನಸ್ಸು ಮಾಡಿದರೆ ನೆಟ್ಟವರ ಶ್ರಮ ಮಣ್ಣಿನಡಿಗೆ ಹೋಗುತ್ತದೆ. ಒಬ್ಬ ಮುದುಕರ ಛಲಕ್ಕೆ ಚಪ್ಪಾಳೆ ತಟ್ಟಿ ಮುಗಿಸುವ ವಿಷಯ ಇದಲ್ಲ.

ವೈಪಿನ್‌ನಿಂದ ಇನ್ನೂ ಒಳಕ್ಕೆ ಏಳಿಕ್ಕರ, ಪುತ್ತನ್‌ವೇಲಿಕ್ಕರ, ಕೊಚ್ಚಿಯ ದಕ್ಷಿಣಕ್ಕೆ ಕುಂಬಳಂಗಿ. ವೇಂಬನಾಡ್ ಕಾಯಲಿನ ಅಂಚಿನ ಈ ಊರುಗಳಿಗೆ ನವೆಂಬರ್ ಬಂತೆಂದರೆ ದಿಗಿಲು. ಮಳೆ ಇಲ್ಲ, ಗಾಳಿ ಇಲ್ಲ, ಆಕಾಶ ತಿಳಿಯಾಗಿದೆ. ಹಾಗಿದ್ದೂ ಬೆಳಗಿನ ಜಾವ ಅಡುಗೆಮನೆಯಲ್ಲಿ ಮೊಣಕಾಲುದ್ದ ಉಪ್ಪುನೀರು. ಇದನ್ನು ಇಲ್ಲಿನವರು 'ವೃಶ್ಚಿಕ ವೇಲಿಯೇಟ್ಟಂ' ಅನ್ನುತ್ತಾರೆ, ವೃಶ್ಚಿಕ ಮಾಸದ ಉಬ್ಬರ. ಹಿರಿಯರ ಕಾಲದಲ್ಲೂ ಇತ್ತು. ಆಗ ನೀರು ತೋಟದ ಬದುವಿನವರೆಗೆ ಬಂದು ಮರಳುತ್ತಿತ್ತು. ಈಗ ಕಡಲ ಮಟ್ಟ ಏರಿದೆ, ಕಾಲುವೆಗಳಲ್ಲಿ ಹೂಳು ತುಂಬಿದೆ, 2018ರ ಮಹಾಪ್ರವಾಹ ತಂದು ಸುರಿದ ಮಣ್ಣೂ ಅದಕ್ಕೆ ಸೇರಿದೆ. ನೀರು ಮಲಗುವ ಕೋಣೆಗೆ ಬರುತ್ತದೆ.

ಚಂಡಮಾರುತಕ್ಕೆ ಹೆಸರಿದೆ, ಪರಿಹಾರವಿದೆ, ಮಂತ್ರಿಗಳ ಭೇಟಿಯಿದೆ. ತಿಂಗಳಿಗೆರಡು ಸಲ ಹುಣ್ಣಿಮೆ ಅಮಾವಾಸ್ಯೆಗೆ ಬಂದು ಮೂರು ನಾಲ್ಕು ತಾಸಿನಲ್ಲಿ ಇಳಿದುಹೋಗುವ ನೀರಿಗೆ ಏನಿದೆ? ಅಧಿಕಾರಿ ಬರುವಷ್ಟರಲ್ಲಿ ನೆಲ ಒಣಗಿರುತ್ತದೆ. ಗೋಡೆಯ ಗಾರೆ ಹಿಟ್ಟಾಗಿ ಉದುರುತ್ತದೆ, ಶೌಚಾಲಯದ ಗುಂಡಿ ತುಂಬಿ ಹೊರಚೆಲ್ಲುತ್ತದೆ, ಹಿತ್ತಲಿನ ಬಾಳೆ, ಬಸಳೆ ಉಪ್ಪಿಗೆ ಕರಗುತ್ತವೆ. ಇದೆಲ್ಲ ಹೆಂಗಸರ ಪಾಲಿನ ಕಷ್ಟ. ಆದ್ದರಿಂದ ಬರೆದಿಡುವ ಕೆಲಸಕ್ಕೂ ಹೆಂಗಸರೇ ಮುಂದಾದರು. ಕೊಚ್ಚಿಯ ಈಕ್ವಿನಾಕ್ಟ್ ಎಂಬ ತಂಡದ ಜಲವಿಜ್ಞಾನಿಗಳು ಕುಡುಂಬಶ್ರೀ ಮಹಿಳಾ ಸ್ವಸಹಾಯ ಸಂಘಗಳ ಜೊತೆ ಸೇರಿ ಉಬ್ಬರದ ಕ್ಯಾಲೆಂಡರ್ ಮಾಡಿದರು. ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನವೂ ಕೈಜೋಡಿಸಿತು. ನೀರು ಎಷ್ಟು ಗಂಟೆಗೆ ಹೊಸ್ತಿಲು ದಾಟಿತು, ಎಷ್ಟು ಎತ್ತರ ನಿಂತಿತು, ಯಾವಾಗ ಇಳಿಯಿತು ಎಂಬುದನ್ನು ದಿನದ ಚೌಕದಲ್ಲಿ ಬರೆಯುವುದು, ಅಷ್ಟೇ.

ಅಷ್ಟೇ ಎಂದೆ, ಅದು ಸಣ್ಣ ಕೆಲಸವಲ್ಲ. ನಡುರಾತ್ರಿ ಎದ್ದು ಅಕ್ಕಿಚೀಲವನ್ನು ಅಟ್ಟಕ್ಕೆ ಏರಿಸಿ, ಮಕ್ಕಳನ್ನು ಮಂಚದ ಮೇಲೆ ಮಲಗಿಸಿದ ಹೆಂಗಸು, ಆ ಗಡಿಬಿಡಿಯಲ್ಲೇ ಗೋಡೆಯ ಗುರುತು ನೋಡಿ ಅಂಕಿ ಬರೆಯಬೇಕು. ನೂರಾರು ಮನೆಗಳ ಇಂಥ ಅಂಕಿಗಳು ಒಟ್ಟಾದಾಗ ನಕ್ಷೆ ಮೂಡಿತು. ಪಂಚಾಯಿತಿಯ ಮುಂದೆ ಅತ್ತು ಹೇಳುತ್ತಿದ್ದ ದೂರು ಮೇಜಿನ ಮೇಲಿಡುವ ದಾಖಲೆಯಾಯಿತು. ಅವರಲ್ಲಿ ಕೆಲವರು 'ಚೆವಿಟ್ಟೋರ್ಮ' ಎಂಬ ನಾಟಕವನ್ನೂ ಕಟ್ಟಿ ತಾವೇ ಅಭಿನಯಿಸಿದರು. ರಂಗದ ಮೇಲೆ ಎಂದೂ ನಿಲ್ಲದವರು ತಮ್ಮ ಅಡುಗೆಮನೆಯ ನೀರನ್ನು ಊರಿಗೆಲ್ಲ ತೋರಿಸಿದರು. ಪರಿಸರ ಶಿಕ್ಷಣ ಎಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಉದಾಹರಣೆ ನನಗೆ ಗೊತ್ತಿಲ್ಲ.

ಈ ಊರುಗಳ ಸುತ್ತ ಪೊಕ್ಕಾಳಿ ಗದ್ದೆಗಳಿವೆ. ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಕೂಡಲೇ ಆಳೆತ್ತರ ಬೆಳೆಯುವ ಭತ್ತ, ಕೊಯ್ಲಾದ ಮೇಲೆ ಅದೇ ಗದ್ದೆಯಲ್ಲಿ ಸಿಗಡಿ. ಗೊಬ್ಬರ ಬೇಡ, ಔಷಧಿ ಬೇಡ. ಕುಮಟಾ ಕಡೆಯ ಅಘನಾಶಿನಿ ದಡದ ಗಜನಿ ಗದ್ದೆ, ಕಗ್ಗ ಭತ್ತ ಬಲ್ಲವರಿಗೆ ಇದು ಹೊಸದಲ್ಲ. ಅಲ್ಲಿ ಕಗ್ಗಕ್ಕೆ ಬಂದ ಗತಿಯೇ ಇಲ್ಲಿ ಪೊಕ್ಕಾಳಿಗೂ. ಆಳು ಸಿಗುವುದಿಲ್ಲ, ಸಿಗಡಿಯಲ್ಲಿ ಹಣ ಹೆಚ್ಚು, ಬದು ಒಡೆದರೆ ಕಟ್ಟುವವರಿಲ್ಲ. ಬದುವನ್ನು ಒಬ್ಬನೇ ಕಟ್ಟಲಾಗದು, ಊರೇ ಕೂಡಿ ಕಟ್ಟಬೇಕು. ಆ ಕೂಟ ಒಡೆದಲ್ಲಿ ಉಪ್ಪುನೀರಿಗೆ ದಾರಿ ಸಿಕ್ಕಿದೆ.

ಕುಂಬಳಂಗಿಗೆ ಹೋಗುವ ಮುನ್ನ ಮರಡು ಸಿಗುತ್ತದೆ. ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ಹಿನ್ನೀರಿನ ದಡದಲ್ಲಿ ಕಟ್ಟಿದ್ದ ನಾಲ್ಕು ವಸತಿ ಸಮುಚ್ಚಯಗಳನ್ನು ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಸ್ಫೋಟಕ ಇಟ್ಟು ಕೆಡವಿದರು. ದೇಶವೆಲ್ಲ ಟಿವಿಯಲ್ಲಿ ನೋಡಿತು. ಅದೇ ನಿಯಮದ ಹೆಸರಿನಲ್ಲಿ ತಲೆಮಾರುಗಳಿಂದ ಇಲ್ಲೇ ಇರುವ ಮೀನುಗಾರನ ಮಗನಿಗೆ ಒಂದು ಕೋಣೆ ಹೆಚ್ಚಿಸಿಕೊಳ್ಳಲು ಪರವಾನಗಿ ಸಿಗುವುದಿಲ್ಲ ಎಂಬ ಅಳಲು ದ್ವೀಪಗಳ ಉದ್ದಕ್ಕೂ ಇದೆ. ಕಾನೂನು ಕಲಿಸುವ ಪಾಠದಲ್ಲಿ ಈ ಎರಡನ್ನೂ ಜೊತೆಗಿಟ್ಟು ಹೇಳಬೇಕು.

ಕೊಚ್ಚಿಯ ದಕ್ಷಿಣಕ್ಕೆ ಕಡಲ ದಂಡೆಯಲ್ಲಿರುವ ಊರು ಚೆಲ್ಲಾನಂ. ಅಲ್ಲಿ ರಸ್ತೆ ಮುಗಿದಲ್ಲಿ ಕಡಲು ಕಾಣುವುದಿಲ್ಲ. ಕಾಣುವುದು ನಾಲ್ಕು ಕೈಚಾಚಿದ ಕಾಂಕ್ರೀಟ್ ಟೆಟ್ರಾಪಾಡ್‌ಗಳ ರಾಶಿ. 344 ಕೋಟಿ ರೂಪಾಯಿಯ ಯೋಜನೆ ಇದು, 2022ರಲ್ಲಿ ಕೆಲಸ ಶುರುವಾಗಿ ಬಂದರಿನಿಂದ ಪುತ್ತನ್‌ತೋಡಿನವರೆಗೆ ಏಳು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಗೋಡೆ ಎದ್ದಿತು. ಅದಕ್ಕೂ ಮೊದಲಿನ ಚೆಲ್ಲಾನಂ ಎಂದರೆ ಪ್ರತಿ ಮಳೆಗಾಲಕ್ಕೂ ಪರಿಹಾರ ಶಿಬಿರ. 2017ರ ಓಖಿ, 2021ರ ತೌಕ್ತೆ ಚಂಡಮಾರುತಗಳಲ್ಲಿ ಕಡಲು ಹಳೆಯ ಕಲ್ಲುಗೋಡೆ ಹಾರಿ ಹಿನ್ನೀರನ್ನೇ ಕೂಡಿಕೊಂಡಿತು. 2019ರ ಅಕ್ಟೋಬರಿನಲ್ಲಿ ಊರವರು ಧರಣಿ ಕುಳಿತರು, ವರ್ಷಗಳ ಕಾಲ ಎದ್ದೇಳಲಿಲ್ಲ.

ಧರಣಿ ಚಪ್ಪರವೇ ಅವರಿಗೆ ತರಗತಿಯಾಯಿತು. ಮರಳು ಯಾವ ತಿಂಗಳು ಯಾವ ದಿಕ್ಕಿಗೆ ಹರಿಯುತ್ತದೆ, ಕೊಚ್ಚಿ ಬಂದರಿನ ಹಡಗುಮಾರ್ಗದಲ್ಲಿ ಎತ್ತಿದ ಹೂಳು ಎಲ್ಲಿಗೆ ಹೋಗುತ್ತದೆ ಎಂದು ಅವರು ಕೇಳತೊಡಗಿದರು. ಆ ಹೂಳನ್ನು ದೂರದ ಕಡಲಿಗೆ ಚೆಲ್ಲುವ ಬದಲು ನಮ್ಮ ದಡಕ್ಕೆ ತುಂಬಿ ಎಂದು ಬೇಡಿಕೆ ಇಟ್ಟರು. ಇದು ಎಂಜಿನಿಯರುಗಳ ಮಾತಿಗೆ ಎಂಜಿನಿಯರುಗಳ ಭಾಷೆಯಲ್ಲೇ ಕೊಟ್ಟ ಉತ್ತರ. ಗೋಡೆ ಬಂದ ಕಡೆ ಜನ ಮಳೆಗಾಲದಲ್ಲೂ ಮನೆಯಲ್ಲೇ ಮಲಗುತ್ತಿದ್ದಾರೆ, ಸಂಜೆ ಅದರ ಮೇಲೆ ನಡೆದಾಡುತ್ತಾರೆ. ಗೋಡೆ ನಿಂತಲ್ಲಿಂದ ಉತ್ತರಕ್ಕಿರುವ ಕಣ್ಣಮಾಲಿ, ಚೆರಿಯಕಡವು ಕಡೆ ಅಲೆ ಇನ್ನೂ ಬಾಗಿಲು ಬಡಿಯುತ್ತದೆ. ಉಳ್ಳಾಲದಲ್ಲಿ ಕಡಲ್ಕೊರೆತ ಕಂಡ ನಮಗೆ ಇದರ ತರ್ಕ ಗೊತ್ತು. ಒಂದು ಕಡೆ ಕಲ್ಲು ಹಾಕಿದರೆ ಅಲೆ ಪಕ್ಕದ ಊರನ್ನು ಹುಡುಕಿಕೊಂಡು ಹೋಗುತ್ತದೆ.

ಎರ್ನಾಕುಳಂನಿಂದ ಆಲಪ್ಪುಳದ ಮೇಲೆ ತಿರುವನಂತಪುರಕ್ಕೆ ಹೋಗುವ ರೈಲುಗಳಲ್ಲಿ ನಮ್ಮ ಮಂಗಳೂರಿನವರಿಗೆ ಪರಿಚಿತವಾದ ನೇತ್ರಾವತಿ ಎಕ್ಸ್‌ಪ್ರೆಸ್ಸೂ ಒಂದು. ಕೊಲ್ಲಂ ಸಮೀಪಿಸಿದಾಗ ನೀಂಡಕರದ ನೆನಪು ಬರಲೇಬೇಕು. 1953ರ ಇಂಡೊ-ನಾರ್ವೇಜಿಯನ್ ಯೋಜನೆ ಅಲ್ಲಿ ಯಂತ್ರದೋಣಿ ತಂದಿತು, ಹಿಂದೆಯೇ ಸಿಗಡಿಯ ರಫ್ತು, ಟ್ರಾಲರುಗಳ ಓಟ. ಮಳೆಗಾಲದಲ್ಲಿ, ಮೀನು ಮೊಟ್ಟೆಯಿಡುವ ಹೊತ್ತಿನಲ್ಲೇ ಟ್ರಾಲರುಗಳು ತಳ ಗೋರತೊಡಗಿದವು. ಕಟ್ಟುಮರದವರ ಬಲೆ ಬರಿದಾಯಿತು. ಅಲ್ಲಿಂದ ಶುರುವಾದ ಹೋರಾಟವೇ ಈ ತೀರದ ಜನರನ್ನು ಓದಿಸಿತು ಎಂದರೆ ತಪ್ಪಿಲ್ಲ. 1980ರ ದಶಕದುದ್ದಕ್ಕೂ ಸ್ವತಂತ್ರ ಮತ್ಸ್ಯ ತೊಳಿಲಾಳಿ ಫೆಡರೇಷನ್ ಬೀದಿಗಿಳಿಯಿತು. ಮೀನುಗಾರರ ಕೇರಿಯಲ್ಲೇ ಬಾಳಿದ ಪಾದ್ರಿ, ವಕೀಲ ಥಾಮಸ್ ಕೊಚ್ಚೇರಿ, ಸಿಸ್ಟರ್ ಫಿಲೊಮಿನ್ ಮೇರಿಯಂಥವರು ಉಪವಾಸ ಕೂತರು. ಸರ್ಕಾರ ಸಮಿತಿಯ ಮೇಲೆ ಸಮಿತಿ ನೇಮಿಸಿತು. ಕಡೆಗೆ 1988ರಲ್ಲಿ ಮಳೆಗಾಲದ ಟ್ರಾಲಿಂಗ್ ನಿಷೇಧ ಬಂತು. ಈಗ ಅಲ್ಲಿ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ 52 ದಿನ ಟ್ರಾಲರುಗಳಿಗೆ ರಜೆ. ಮಲ್ಪೆಯಲ್ಲಿ ಜೂನ್ ಒಂದಕ್ಕೆ ಬೋಟುಗಳು ದಡ ಸೇರುವಾಗ ಇದೆಲ್ಲ ಸರ್ಕಾರದ ಸಹಜ ಕ್ರಮ ಎನ್ನಿಸಬಹುದು. ಇಂಥ ನಿಯಮ ಬೇಕೆಂದು ಹಸಿದು ಕೂತವರು ಬಡ ಮೀನುಗಾರರು.

1989ರಲ್ಲಿ ಕೊಚ್ಚೇರಿ ಮತ್ತು ಸಂಗಡಿಗರು ದೇಶದ ಎರಡೂ ಕರಾವಳಿಗಳಿಂದ ಕನ್ಯಾಕುಮಾರಿಗೆ ಜಾಥಾ ಹೊರಡಿಸಿದರು. ನೀರು ಉಳಿಸಿ, ಬದುಕು ಉಳಿಸಿ ಎಂಬುದು ಘೋಷಣೆ. ಮೇ 1ರಂದು ಅದು ಪೊಲೀಸರ ಗುಂಡಿನ ನಡುವೆ ಮುಗಿಯಿತು.

ತಿರುವನಂತಪುರಕ್ಕೆ ಕೊಂಚ ಮುಂಚೆ, ಕಡಲ ಅಂಚಿನಲ್ಲಿ ಮರಿಯನಾಡ್ ಎಂಬ ಹಳ್ಳಿ. ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ 1960ರ ದಶಕದಲ್ಲಿ ಮೀನುಗಾರ ಕುಟುಂಬಗಳಿಗಾಗಿ ಕಟ್ಟಿಸಿದ ಊರು. ತುಂಬಾದಲ್ಲಿ ಚರ್ಚನ್ನೂ ಸುತ್ತಲಿನ ಜಾಗವನ್ನೂ ರಾಕೆಟ್ ಕೇಂದ್ರಕ್ಕೆ ಬಿಟ್ಟುಕೊಟ್ಟ ಬಿಷಪ್ ಇವರೇ. ವಿಕ್ರಂ ಸಾರಾಭಾಯಿ, ಅಬ್ದುಲ್ ಕಲಾಂ ಅವರ ಕಥೆಯಲ್ಲಿ ಆ ಚರ್ಚು ಎಲ್ಲರಿಗೂ ಗೊತ್ತು. ಮರಿಯನಾಡಿನ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ. ನಳಿನಿ ನಾಯಕ್ ಮತ್ತಿತರ ಸಮಾಜ ಕಾರ್ಯಕರ್ತರು ಇಲ್ಲಿ ಬಂದು ನೆಲೆಸಿ, ಹೆಂಗಸರ ಸಂಘ, ಉಳಿತಾಯ, ಬಾಲವಾಡಿಗಳಿಂದ ಶುರುಮಾಡಿದರು. ಹಿಡಿದ ಮೀನನ್ನು ಸಾಲ ಕೊಟ್ಟ ವರ್ತಕನಿಗೇ ಅವನು ಹೇಳಿದ ಬೆಲೆಗೆ ಕೊಡಬೇಕಾದ ಕಟ್ಟು ಆಗ ಇತ್ತು. 1970ರ ಸುಮಾರಿಗೆ ಮರಿಯನಾಡಿನವರು ತಮ್ಮದೇ ಸಹಕಾರ ಸಂಘ ಮಾಡಿ, ದಡದಲ್ಲಿ ತಾವೇ ಹರಾಜು ಕೂಗಿದರು. ಅರ್ಥಶಾಸ್ತ್ರಜ್ಞ ಜಾನ್ ಕುರಿಯನ್ ಯುವಕರಾಗಿ ಆ ಕೆಲಸದಲ್ಲಿದ್ದರು. ಆ ಮಾದರಿ ಹಬ್ಬಿ 1980ರಲ್ಲಿ ದಕ್ಷಿಣ ಭಾರತ ಮೀನುಗಾರರ ಸಂಘಗಳ ಒಕ್ಕೂಟವಾಯಿತು. 1986ರಲ್ಲಿ ಮೀನುಗಾರರ ಬೆಂಬಲಕ್ಕೆ ನಿಂತ ಐಸಿಎಸ್ಎಫ್ ಎಂಬ ಅಂತರರಾಷ್ಟ್ರೀಯ ಕೂಟವೂ ತಿರುವನಂತಪುರದಲ್ಲೇ ಹುಟ್ಟಿತು. ಕಡಲು ಕಾಯುವ ಶಕ್ತಿ ಬರಬೇಕಾದರೆ ಮೊದಲು ಸಾಲದ ಕುಣಿಕೆ ಸಡಿಲಬೇಕು. ಮರಿಯನಾಡ್ ಅದನ್ನು ಮಾಡಿ ತೋರಿಸಿದ್ದರಿಂದ ಇಷ್ಟು ಹೊತ್ತು ಇಲ್ಲಿ ನಿಂತೆ.

ಕೊಚ್ಚುವೇಳಿ, ವೇಳಿ, ತುಂಬಾ ಕಡಲ ದಂಡೆಗಳಲ್ಲಿ 2025ರ ಮೇ ಕೊನೆಗೆ ಮರಳಿನ ಮೇಲೆ ಬಿಳಿ ಕಾಳು ಹರಡಿತು. ಐದು ಮಿಲಿಮೀಟರಿಗಿಂತ ಚಿಕ್ಕದಾದ ಪ್ಲಾಸ್ಟಿಕ್ ಉಂಡೆ, ನರ್ಡಲ್ ಎನ್ನುತ್ತಾರೆ. ವಿಳಿಂಜಂನಿಂದ ಕೊಚ್ಚಿಗೆ ಹೊರಟಿದ್ದ ಎಂಎಸ್‌ಸಿ ಎಲ್ಸಾ-3 ಹಡಗು ಮೇ 24ರಂದು ವಾಲಿ, 25ರಂದು 640 ಕಂಟೇನರುಗಳೊಂದಿಗೆ ಮುಳುಗಿತ್ತು. ಸಿಬ್ಬಂದಿ 24 ಮಂದಿಯೂ ಪಾರಾದರು. ಕೊಚ್ಚಿಯ ಹೊರಗಡಲಿನಲ್ಲಿ ಒಡೆದದ್ದು ತಿರುವನಂತಪುರದ ದಡಕ್ಕೆ ಬಂತು. ಸ್ವಯಂಸೇವಕರು, ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು, ಊರ ಹುಡುಗರು ಮರಳನ್ನು ಜರಡಿ ಹಿಡಿದರು. ಒಂದು ಬೊಗಸೆ ಮರಳು, ಅದರಲ್ಲಿ ಹತ್ತಾರು ಕಾಳು. ಮೀನಿನ ಮೊಟ್ಟೆಯನ್ನೇ ಹೋಲುವ ಇವನ್ನು ಮೀನು ಬಿಡುತ್ತದೆಯೇ? ಮಳೆಗಾಲದ ಅಲೆ ಇಂದು ಜಾಲಿಸಿದ ಜಾಗಕ್ಕೆ ನಾಳೆ ಮತ್ತೆ ತಂದು ಸುರಿಯಿತು. ಕೇರಳ ಸರ್ಕಾರ ಹಡಗು ಕಂಪನಿಯಿಂದ 9,531 ಕೋಟಿ ರೂಪಾಯಿ ಪರಿಹಾರ ಕೇಳಿ ಹೈಕೋರ್ಟಿಗೆ ಹೋಯಿತು. ಕಾಳು ಹೆಕ್ಕಲು ಮೊದಲು ಬಂದವರಲ್ಲಿ, ಮೀನು ಮಾರಾಟವಾಗದೆ ದಿನದ ಗಳಿಕೆ ಕಳೆದುಕೊಂಡವರೂ ಇದ್ದರು. ಕಡಲ ಕಸವನ್ನು ದಡಕ್ಕೆ ತರುವ ಅಭ್ಯಾಸ ಈ ಜನಕ್ಕೆ ಹಿಂದೆಯೇ ಇತ್ತು. 2017ರಲ್ಲಿ ನೀಂಡಕರದಲ್ಲಿ ಶುರುವಾದ ಶುಚಿತ್ವ ಸಾಗರಂ ಯೋಜನೆಯಲ್ಲಿ, ಬಲೆಗೆ ಬಿದ್ದ ಪ್ಲಾಸ್ಟಿಕನ್ನು ಕಡಲಿಗೆ ಎಸೆಯದೆ ಬೋಟಿನವರು ಹೊತ್ತು ತಂದರು, ಹೆಂಗಸರು ಬೇರ್ಪಡಿಸಿದರು, ಪುಡಿಯಾಗಿ ರಸ್ತೆಯ ಡಾಂಬರಿಗೆ ಸೇರಿತು.

ಶಂಖುಮುಗಂ ದಾಟಿದರೆ ವಲಿಯತುರ. 1825ರ ಹಳೆಯ ಕಬ್ಬಿಣದ ಕಟ್ಟೆ 1947ರಲ್ಲಿ ಹಡಗು ಬಡಿದು ಹೋಯಿತು. 1956ರಲ್ಲಿ ಕಟ್ಟಿದ ಕಡಲ ಸೇತುವೆಯೂ 2024ರಲ್ಲಿ ಎರಡು ತುಂಡಾಯಿತು. ಇಲ್ಲಿ ಮನೆ ಕಳೆದುಕೊಂಡ ಕುಟುಂಬಗಳು ಸಿಮೆಂಟ್ ಗೋದಾಮಿನಲ್ಲಿ, ನಡುವೆ ಬಟ್ಟೆಯ ತಡಿಕೆ ಕಟ್ಟಿಕೊಂಡು ವರ್ಷಗಳನ್ನೇ ಕಳೆದವು.

ಓಖಿ ಈ ತೀರವನ್ನು ಒಡೆದು ಹೋದದ್ದು 2017ರ ನವೆಂಬರ್ 30ರಂದು. ಹಿಂದಿನ ದಿನವೇ ದೋಣಿಗಳು ಹೊರಟುಹೋಗಿದ್ದವು, ಎಚ್ಚರಿಕೆ ಆಮೇಲೆ ಬಂತು. ಸತ್ತವರು, ಕಾಣೆಯಾದವರು ನೂರಕ್ಕೂ ಹೆಚ್ಚು. ಹವಾಮಾನ ವರದಿ ದೋಣಿಯವನಿಗೆ ಅರ್ಥವಾಗುವ ಮಾತಿನಲ್ಲಿ, ಅವನು ಹೊರಡುವ ಮೊದಲೇ ತಲುಪಬೇಕು ಎಂಬ ಬೇಡಿಕೆ ಆಗ ಗಟ್ಟಿಯಾಯಿತು. ಸಸೆಕ್ಸ್ ವಿಶ್ವವಿದ್ಯಾಲಯದ ಸಂಶೋಧಕ ಮ್ಯಾಕ್ಸ್ ಮಾರ್ಟಿನ್ ಮತ್ತು ಸಂಗಡಿಗರ ರೇಡಿಯೊ ಮಾನ್ಸೂನ್ ಅದೇ ಕೆಲಸವನ್ನು ಕೈಗೆತ್ತಿಕೊಂಡಿತ್ತು. ಗಾಳಿ ಎಷ್ಟು, ಅಲೆ ಎಷ್ಟು ಎಂಬುದನ್ನು ಊರ ಮಲಯಾಳದಲ್ಲಿ ದಡದ ಧ್ವನಿವರ್ಧಕ ಮತ್ತು ಮೊಬೈಲಿನ ಮೂಲಕ ಹೇಳುವುದು, ಕಡಲಿನಿಂದ ಮರಳಿದವರಿಂದ ನಿಜಕ್ಕೂ ಹೇಗಿತ್ತು ಎಂದು ಕೇಳಿ ತಿಳಿಯುವುದು. ಎರಡನೆಯ ಭಾಗವೇ ನನಗೆ ಹೆಚ್ಚು ಮುಖ್ಯ. 2018ರ ಪ್ರವಾಹದಲ್ಲಿ ಇದೇ ಮೀನುಗಾರರು ದೋಣಿಗಳನ್ನು ಲಾರಿಗೇರಿಸಿ ಒಳನಾಡಿಗೆ ಹೋಗಿ ಅರವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಎತ್ತಿ ತಂದರು. ಓಖಿಯಲ್ಲಿ ತಮ್ಮವರನ್ನು ಕಳೆದುಕೊಂಡು ವರ್ಷ ತುಂಬಿರಲಿಲ್ಲ.

ಕಡೆಗೆ ವಿಳಿಂಜಂ. 2015ರ ಡಿಸೆಂಬರಿನಲ್ಲಿ ಬಂದರಿನ ಕೆಲಸ ಶುರುವಾಯಿತು, 2024ರ ಜುಲೈಯಲ್ಲಿ ಮೊದಲ ದೊಡ್ಡ ಕಂಟೇನರ್ ಹಡಗು ಬಂತು, 2025ರ ಮೇ 2ರಂದು ಪ್ರಧಾನಿ ಲೋಕಾರ್ಪಣೆ ಮಾಡಿದರು. ಹಳೆಯ ಮೀನುಗಾರಿಕಾ ಬಂದರಿನ ಕಟ್ಟೆಯ ಮೇಲೆ ನಿಂತರೆ ಆಚೆಗೆ ಎತ್ತರದ ಕ್ರೇನುಗಳು, ಈಚೆಗೆ ಒಣಗುತ್ತಿರುವ ಬಲೆಗಳು, ಒಂದು ಕಡೆ ಚರ್ಚು, ಒಂದು ಕಡೆ ಮಸೀದಿ. 2022ರ ಆಗಸ್ಟಿನಿಂದ ಡಿಸೆಂಬರ್ 6ರವರೆಗೆ ಲ್ಯಾಟಿನ್ ಕ್ಯಾಥೊಲಿಕ್ ಧರ್ಮಪ್ರಾಂತದ ಮುಂದಾಳತ್ವದಲ್ಲಿ ಮೀನುಗಾರರು ಬಂದರಿನ ಬಾಗಿಲಲ್ಲಿ ಧರಣಿ ನಡೆಸಿದರು. ವಲಿಯತುರ, ಶಂಖುಮುಗಂ ದಡ ಕೊರೆಯುತ್ತಿರುವುದಕ್ಕೆ ಬಂದರಿನ ಅಲೆತಡೆ ಗೋಡೆ, ಅಂದರೆ ಬ್ರೇಕ್‌ವಾಟರ್ ಕಾರಣವೆಂದು ಅವರು, ಅಲ್ಲವೆಂದು ಬಂದರಿನವರು. ಊರೂ ಒಂದಾಗಿರಲಿಲ್ಲ. ಬಂದರು ಬೇಕು ಎಂದವರೂ ಎದುರು ಚಪ್ಪರ ಹಾಕಿದ್ದರು, ಕೊನೆಗೆ ಹಿಂಸೆಯೂ ಆಯಿತು. ನಾಯಕತ್ವ ಎಂಬುದು ಎಷ್ಟು ಕಷ್ಟದ್ದು ಎಂದು ಇಲ್ಲಿ ತಿಳಿಯುತ್ತದೆ. ಅದರ ನಡುವೆಯೂ ಧರಣಿಯವರು ಒಂದು ಒಳ್ಳೆಯ ಕೆಲಸ ಮಾಡಿದರು. ವಿಜ್ಞಾನಿಗಳು, ಸಮಾಜಶಾಸ್ತ್ರಜ್ಞರಿದ್ದ ಜನಕೀಯ ಪಠನ ಸಮಿತಿ ಎಂಬ ತಮ್ಮದೇ ಅಧ್ಯಯನ ತಂಡ ಮಾಡಿ, ತೀರವನ್ನೆಲ್ಲ ಸುತ್ತಿಸಿ ವರದಿ ಬರೆಸಿದರು. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಂದರಿನ ವಿರುದ್ಧ ನಿಂತಿರುವ ನಮ್ಮ ಮೀನುಗಾರರಿಗೆ ಆ ವರದಿಯನ್ನು ಕನ್ನಡದಲ್ಲಿ ತಲುಪಿಸಬೇಕಾದ ಅಗತ್ಯವಿದೆ.

ವಿಳಿಂಜಂನ ಬಂಡೆಗಳಲ್ಲಿ ಕಂದು ಬಣ್ಣದ ಪಚ್ಚಿಲೆ ಬೆಳೆಯುತ್ತದೆ. ಉಸಿರು ಬಿಗಿಹಿಡಿದು ಮುಳುಗಿ, ಉಳಿಯಂಥ ಕಬ್ಬಿಣದಿಂದ ಅದನ್ನು ಎಬ್ಬಿಸಿ ತರುವ 'ಚಿಪ್ಪಿ' ತೆಗೆಯುವವರು ಇಲ್ಲಿದ್ದಾರೆ. ಬಂದರಿನಿಂದ ಜೀವನೋಪಾಯ ಹೋಯಿತೆಂದು ಇವರಿಗೆ ಪರಿಹಾರ ಕೊಡಲಾಯಿತು. ನೀರಿನಡಿಯ ಬಂಡೆಗಳಿಗೆ, ದಿಬ್ಬಗಳಿಗೆ ಮೀನುಗಾರರು 'ಪಾರ್' ಎನ್ನುತ್ತಾರೆ. ದಡದ ಎರಡು ಗುರುತುಗಳನ್ನು ಒಂದೇ ಗೆರೆಗೆ ತಂದು, ಇನ್ನೊಂದು ಕಡೆಯ ಮತ್ತೆರಡು ಗುರುತನ್ನು ಹಾಗೆಯೇ ಹೊಂದಿಸಿ, ಎರಡು ಗೆರೆ ಕೂಡಿದಲ್ಲಿ ಲಂಗರು ಇಳಿಸಿದರೆ ಕೆಳಗೆ ಪಾರ್ ಇರುತ್ತದೆ. ಜಿಪಿಎಸ್ ಬರುವ ಮೊದಲಿನ ವಿದ್ಯೆ ಇದು. ರಾಬರ್ಟ್ ಪಾನಿಪಿಲ್ಲ ಅವರ ಫ್ರೆಂಡ್ಸ್ ಆಫ್ ಮರೈನ್ ಲೈಫ್ ಎಂಬ ಬಳಗ ಹಿರಿಯರಿಂದ ಈ ತಿಳಿವನ್ನು ಕೇಳಿ ಬರೆದುಕೊಂಡು, ಸ್ಕೂಬಾ ತೊಟ್ಟು ಕೆಳಗಿಳಿದು, ಪಾರ್‌ಗಳನ್ನೂ ಅಲ್ಲಿನ ಜೀವಿಗಳನ್ನೂ ಚಿತ್ರೀಕರಿಸಿದೆ. ಕಡಲ ತಳವನ್ನು ಬರೀ ಮರಳು ಎಂದು ಕಾಗದದಲ್ಲಿ ತೋರಿಸುವವರ ಎದುರು ಇಡಲು ಈಗ ಚಿತ್ರವಿದೆ.

ಟ್ರಾಲರುಗಳು ಪಾರ್‌ಗಳನ್ನು ಕೆಡಿಸಿದಾಗ, 1980ರ ದಶಕದಲ್ಲಿ ಈ ಜಿಲ್ಲೆಯ ಮೀನುಗಾರರು ತೆಂಗಿನ ಬೊಡ್ಡೆ, ಕಲ್ಲು, ಬಾವಿಯ ಕಾಂಕ್ರೀಟ್ ಉಂಗುರಗಳನ್ನು ಮುಳುಗಿಸಿ ತಾವೇ ಹೊಸ ಪಾರ್ ಕಟ್ಟಿದ್ದರು. ಅದನ್ನೇ ಈಗ ಸರ್ಕಾರ ದೊಡ್ಡದಾಗಿ ಮಾಡಿದೆ. ಪೊಳಿಯೂರಿನಿಂದ ವರ್ಕಲದವರೆಗೆ 42 ಹಳ್ಳಿಗಳ ಎದುರು, ಹಳ್ಳಿಗೆ 150ರಂತೆ 6,300 ಕಾಂಕ್ರೀಟ್ ಘಟಕಗಳನ್ನು ಕಡಲಿಗಿಳಿಸುವ ಯೋಜನೆ 2024ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಯಿತು. ತಾಂತ್ರಿಕ ನೆರವು ಸಿಎಂಎಫ್‌ಆರ್‌ಐಯದು, ಅದರ ಪ್ರಾದೇಶಿಕ ಕೇಂದ್ರ ವಿಳಿಂಜಂನಲ್ಲೇ ಇದೆ. ಕಟ್ಟುವುದಕ್ಕೆ ಹಣ ಬಂದಿದೆ, ಕಾಯುವುದು ಯಾರೆಂಬುದು ಉಳಿದ ಪ್ರಶ್ನೆ. 2017ರಲ್ಲಿ ತಿದ್ದುಪಡಿಯಾದ ಕೇರಳದ ಮೀನುಗಾರಿಕಾ ಕಾಯ್ದೆಯಲ್ಲಿ ಹಳ್ಳಿ ಮಟ್ಟದ ಮೀನುಗಾರಿಕಾ ನಿರ್ವಹಣಾ ಮಂಡಳಿಗೆ ಜಾಗವಿದೆ. ಆ ಮಂಡಳಿಗೆ, ಟ್ರಾಲರ್ ಹತ್ತಿರ ಬಂದರೆ ಬೇಡ ಎನ್ನುವ ಅಧಿಕಾರ ಬೇಕು, ಆ ಮಾತು ನಡೆಯುವಂತೆ ಗಸ್ತಿನ ಬೋಟೂ ಬೇಕು. ಜೊತೆಗೆ ಅದರಲ್ಲಿ ಚಿಪ್ಪಿ ತೆಗೆಯುವವನಿಗೂ ಮೀನು ಮಾರುವ ಹೆಂಗಸಿಗೂ ಕುರ್ಚಿ ಇರಬೇಕು.